ಆರಕ್ಕಾರೂ ನೀರು

ನಿಯಮ ಸರಳ: ಆರು ಪ್ರಾಣಿ, ಆರಕ್ಕೂ ಒಂದೇ ಕುಲ.
ಬೆಂಕಿಯವನು ಬೆಂಕಿಯನ್ನೇ ತರಬೇಕು,
ಕಲ್ಲಿನವನು ಕಲ್ಲನ್ನೇ.
ನಾನು ನೀರು ಎಂದು ಬರೆದುಕೊಟ್ಟೆ.
ಬೇರೇನು ಬರೆಯಲಿ,
ತದಡಿ ಧಕ್ಕೆಯಲ್ಲಿ ಐಸು ಒಡೆಯುವವನು,
ಚಪ್ಪಲಿಯೊಳಗೂ ನೀರಿಟ್ಟುಕೊಂಡು ತಿರುಗುವವನು?

ಆಟ ಕೊಟ್ಟ ಹೆಸರು ನಾಲಿಗೆಗೆ ಹತ್ತಲಿಲ್ಲ, ನಾನೇ ಇಟ್ಟೆ:
ಮೊದಲು ಓಡುವವಳು ಬಂಗಡೆ,
ಬಾಲದ ಮುಳ್ಳನ್ನು ಮೈಗೆ ಸುತ್ತಿಕೊಂಡ ತೊರಕೆ,
ಏಟು ತಿಂದಷ್ಟೂ ಚಿಪ್ಪು ಬಿಗಿಯುವ ಬೆಳಚು,
ಕುರ್ಲಿ, ಸೆಟ್ಲಿ.
ಐದಾಯಿತು. ಆರನೆಯ ಗೂಡು
ಮೂರು ವಾರ ಖಾಲಿ.
ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ
ಹೋಗಿ ಹೋಗಿ ಮುಟ್ಟುವ ಹಾಗೆ
ಅಲ್ಲಿಗೇ ಹೋಗುತ್ತಿತ್ತು ಬೆರಳು.

ಒಂದೇ ಕುಲದ ತಂಡದ ಕಷ್ಟ ಇಷ್ಟೇ:
ಒಬ್ಬನಿಗೆ ತಾಗಿದ್ದು ಆರು ಮಂದಿಗೂ ತಾಗುತ್ತದೆ.
ಒಂದು ಮಿಂಚು ಬಂದರೆ
ಮನೆಮಂದಿಗೆಲ್ಲ ಅದೇ ಜ್ವರ.
ಯಾರನ್ನು ಯಾರ ಹಿಂದೆ ಅಡಗಿಸುತ್ತೀ?
ಬಂಗಡೆ ತೆಗೆದು ಸೆಟ್ಲಿ ಇಟ್ಟರೆ
ಒದ್ದೆ ಟವೆಲ್ಲಿನಿಂದ ಒದ್ದೆ ತಲೆ ಒರೆಸಿದಂತೆ.

ಮಿರ್ಜಾನದ ಮುಜಮ್ಮಿಲ ಅಂದ, ಕುಲ ಬದಲಿಸು ಮಾರಾಯಾ,
ಉಕ್ಕು ತಗೋ, ಉಕ್ಕಿಗೆ ಹೆದರಿಕೆ ಕಡಿಮೆ.
ಉಕ್ಕು ನನಗೆ ಗೊತ್ತು.
ನಮ್ಮ ಉಪ್ಪುಗಾಳಿಗೆ ಅತ್ತೆಯ ಬೀಗ
ಎರಡು ಮಳೆಗಾಲ ಬಾಳುವುದಿಲ್ಲ.

ಸಿಗ್ನಲ್ಲು ಸಿಗುವುದು ಗಜನಿಯ ಕಟ್ಟೆಯ ಮೇಲೆ ಮಾತ್ರ.
ಕೆಳಗೆ ಇಳತದ ಹೊಳೆಯಲ್ಲಿ ಬೀರಮ್ಮತ್ತೆ
ಕಾಲಿನಿಂದಲೇ ತಡಕಿ ಬೆಳಚು ಹೆಕ್ಕುತ್ತಿದ್ದಳು.
"ಎಂತ ಹುಡುಕ್ತೆ ಮಗಾ ಅದ್ರಲ್ಲಿ?"
ನೀರು ಅತ್ತೆ, ಮಿಂಚಿಗೆ ಹೆದರದ ನೀರು.
ಅವಳು ನಗಲಿಲ್ಲ.
"ಯಾವ ನೀರು ಹೇಳು. ಭರತದ್ದಾ, ಇಳತದ್ದಾ?
ಹೊಳೇದಾ, ಕಡಲಿಂದಾ, ಗಜನೀಲಿ ನಿಂತದ್ದಾ?
ಅದು ನೀರೂ ಅಲ್ಲ, ನೆಲವೂ ಅಲ್ಲ, ಹಿಡಿದ್ರೆ ಬಿಡೂದಿಲ್ಲ."
ಮೊಣಕಾಲಿನವರೆಗೆ ಹೂತ ಕಾಲನ್ನು ಕಿತ್ತಳು.
ಪಚಕ್.

ಅದೇ ರಾತ್ರಿ ಹಿಡಿದೆ ಹೂಳನನ್ನು.
ಯಾರೂ ಸಾಕದ ಪ್ರಾಣಿ: ಕೊಳಕು, ಮಂದ, ಕಿವಿಯವರೆಗೂ ಬಾಯಿ.
ಅರ್ಧ ನೀರು, ಅರ್ಧ ಮಣ್ಣು,
ಪಟ್ಟಿಯಲ್ಲಿ ಮಾತ್ರ ನೀರೆಂದೇ ಸಲ್ಲುತ್ತಾನೆ.
ಮಿಂಚು ಅವನೊಳಗೆ ಹೋದರೆ ಹೋಯಿತು, ವಾಪಸಿಲ್ಲ.
ಹನ್ನೊಂದು ರಾತ್ರಿ, ಬೋಟು ಬರುವ ಮೊದಲು,
ಖಾಲಿ ಕ್ರೇಟಿನ ಮೇಲೆ ಕೂತು ಬೆಳೆಸಿದೆ.
ವೇಗ ಬೇಡ ಅವನಿಗೆ;
ಇದ್ದ ಅಂಕವನ್ನೆಲ್ಲ ತಾಳಿಕೆಗೆ ಸುರಿದೆ.

ಸೆಮಿಫೈನಲ್ಲು. ಎದುರಿಗೆ ಕೈಗಾ ಕಾಲೊನಿಯವನು,
ಆರಕ್ಕಾರೂ ಮಿಂಚು. ಪಾಪ, ಇನ್ನೇನು ತರುತ್ತಾನೆ.
ಬಂಗಡೆ ಓಡುವ ಮೊದಲೇ ಮಗುಚಿದಳು.
ತೊರಕೆ. ಕುರ್ಲಿ.
ಆಮೇಲೆ ಹೂಳನನ್ನು ಬಿಟ್ಟೆ.
ಒಂದು ಸಿಡಿಲು. ಏನೂ ಆಗಲಿಲ್ಲ.
ಎರಡನೆಯದು. ಏನೂ ಆಗಲಿಲ್ಲ.
ಪರದೆಯಾಚೆ ಅವನು ಉಗುರು ಕಚ್ಚುವುದು ಕೇಳಿಸುವಂತಿತ್ತು.
ನಾಲ್ಕು ಪ್ರಾಣಿ ಒಂದರ ಹಿಂದೊಂದು ಕೆಸರಿಗಿಳಿದವು,
ಒಂದೂ ಮೇಲೆ ಬರಲಿಲ್ಲ.

ಐದನೆಯದು ಒಂದು ಮೊಲ. ಕಿವಿ ತುಂಬ ಕಿಡಿ,
ಬೆನ್ನ ಮೇಲೆ ಎರಡು ಎಲೆ.
ಎಲೆ.
ನೋಡಿರಲಿಲ್ಲ ಅಂತಲ್ಲ,
ಅಲಂಕಾರಕ್ಕೆ ಅಂದುಕೊಂಡಿದ್ದೆ.
ನೀರೂ ಬೇರಿನ ಊಟ, ಮಣ್ಣೂ ಬೇರಿನ ಊಟ;
ಒಂದೇ ಬಳ್ಳಿ ಬಂದು ಹೂಳನನ್ನು ಕುಡಿದು ಮುಗಿಸಿತು.
ಹೊಳೆಬದಿಯ ಕಾಂಡ್ಲ ಗಿಡ ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ,
ಕೆಸರನ್ನು ಯಾರು ತಿನ್ನುತ್ತಾರೆಂದು
ನನಗಾದರೂ ಗೊತ್ತಿರಬೇಕಿತ್ತು.

ಬೆಳಚು ಚಿಪ್ಪು ಮುಚ್ಚಿಕೊಂಡು ಮೂರು ಏಟು ತಡೆಯಿತು.
ಸೆಟ್ಲಿ ಒಂದು.

ಸೋತ ಮೇಲೆ ಅವನ ಮೆಸೇಜು ಬಂತು:
ಆ ಕೆಸರು ಎಲ್ಲಿ ಸಿಗುತ್ತದೆ ಬಾಸ್?
ಇಳತದ ಹೊತ್ತಿಗೆ ಬಾ, ತೋರಿಸುತ್ತೇನೆ
ಎಂದು ಬರೆದೆ. ಅಳಿಸಿದೆ.
ಮುಂದಿನ ಸಲವೂ ಅವನೇ ಎದುರಾಗಬಹುದು.
ನಿನ್ನ ಮೊಲ ಚೆನ್ನಾಗಿದೆ ಎಂದಷ್ಟೇ ಕಳಿಸಿ
ಐಸಿನ ಕೊಡತಿ ಎತ್ತಿಕೊಂಡೆ.
ಅಳಿವೆಯ ಬಾಯಲ್ಲಿ ಬೋಟಿನ ದೀಪ ಕಾಣುತ್ತಿತ್ತು.