ತಲೆ ಎಣಿಕೆ

ಮೂವತ್ತೊಂದು ವರ್ಷ ವೂಚ್ ನಗರದ ಟ್ರಾಮುಗಳಲ್ಲಿ
ಟಿಕೆಟ್ ತಪಾಸಣೆ ಮಾಡಿದವಳು ನಾನು.
ನಾನು ಹತ್ತಿದರೆ ಸಾಕು, ಜನ
ಕಿಟಕಿಯಾಚೆ ಏನೋ ಕಂಡವರ ಹಾಗೆ
ಕತ್ತು ತಿರುಗಿಸಿಬಿಡುತ್ತಿದ್ದರು.
ಜೇಬು ತಡಕುವ ಕೈಗಳು ನನಗೆ ಗೊತ್ತು,
ಮುಖಗಳು ಅಷ್ಟಾಗಿ ಗೊತ್ತಿಲ್ಲ.

ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಟ್ಟರು.
ಅಡುಗೆಮನೆಯಲ್ಲಿ ಅದರದೇ ಮಾತು, ನನ್ನದು ಬರೀ ಹೂಂಗುಟ್ಟುವುದು
ಅಂತಾದ ಒಂದು ಮಂಗಳವಾರ
ಮೂರನೇ ಮಹಡಿಯ ಲೆಯೊಕಾದ್ಯಾ ಕದ ಬಡಿದಳು:
"ನಮ್ಮ ಪ್ರವಾಸದ ಕೂಟಕ್ಕೆ ಸೇರು ಮಾರಾಯ್ತಿ.
ಒಬ್ಬಳೇ ಕೋಣೆ ಹಿಡಿದರೆ ದುಬಾರಿ, ಇಬ್ಬರಾದರೆ ಅಗ್ಗ.
ನಾನು ಗೊರಕೆ ಹೊಡೆಯುತ್ತೇನೆ,
ಆಮೇಲೆ ಹೇಳಲಿಲ್ಲ ಅನ್ನಬೇಡ."

ನನ್ನ ಒಂಟಿತನಕ್ಕೆ ಅವಳು ಇಟ್ಟ ಹೆಸರು: ದುಬಾರಿ.
ನಾನು ಚೀಲ ತುಂಬಿದೆ.

ಬೆಳಗಿನ ಆರೂ ಇಪ್ಪತ್ತಕ್ಕೆ ಬಸ್ಸು.
ಊರಿನ ಕೊನೆಯ ದೀಪ ದಾಟುವ ಮೊದಲೇ
ಬೇಯಿಸಿದ ಮೊಟ್ಟೆಯ ವಾಸನೆ, ಥರ್ಮಾಸಿನ ಮುಚ್ಚಳದಲ್ಲಿ ಚಹಾ,
ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಕೈಯಿಂದ ಕೈಗೆ.
ಎಡ ಮಂಡಿ, ಬಲ ಮಂಡಿ, ಬದಲಿಸಿದ ಮಂಡಿ
ಈ ಮೂರರ ಪುರಾಣ ಮುಗಿಯುವ ಹೊತ್ತಿಗೆ
ತೊರುನ್ ಬಂದೇ ಬಂತು.

ಹಳೆಯ ಚಾಳಿ ನೋಡಿ, ತಲೆ ಎಣಿಸುವ ಕೆಲಸ
ನನಗೇ ವಹಿಸಿದರು. ಒಟ್ಟು ನಲವತ್ತೊಂದು.
ನಿಂತಲ್ಲೆಲ್ಲ ನನ್ನ ಬೆರಳು ನಲವತ್ತಕ್ಕೆ ನಿಲ್ಲುತ್ತಿತ್ತು.
ಶುಂಠಿ ಬಿಸ್ಕತ್ತಿನ ಅಂಗಡಿ ಎದುರು,
ಮಲ್ಬೊರ್ಕಿನ ಕೆಂಪು ಇಟ್ಟಿಗೆ ಕೋಟೆಯ ಬುಡದಲ್ಲಿ,
ಬರದವನು ಯಾವಾಗಲೂ ಅವನೇ,
ಹೊಲಿಗೆ ಯಂತ್ರ ರಿಪೇರಿಯ ಜೆನೋನ್, ಸೀಟು ಹದಿನಾಲ್ಕು.
ಡ್ರೈವರ್ ಇರೆನೆಯುಷ್ ಹಾರ್ನ್ ಒತ್ತುತ್ತಿದ್ದ.
ಹಿಂದಿನ ಸೀಟಿನವರು ಗೊಣಗುತ್ತಿದ್ದರು:
"ಬಿಟ್ಟು ಹೋದರೆ ಬುದ್ಧಿ ಬರುತ್ತೆ."

ಉಸ್ತ್ಕಾದಲ್ಲಿ, ಕಡಲ ಗಾಳಿಗೆ ಸ್ಕಾರ್ಫ್ ಹಿಡಿದುಕೊಂಡು
ಹುಡುಕುತ್ತಾ ಹೋದೆ.
ಹೊಗೆಯಲ್ಲಿ ಬೇಯಿಸಿದ ಮೀನಿನ ಗೂಡಂಗಡಿ ಹಿಂದೆ ನಿಂತಿದ್ದ.
ದಾರಿ ತಪ್ಪಿರಲಿಲ್ಲ.
ಕೋಟಿನ ಗುಂಡಿ ಅಷ್ಟೂ ಹಾಕಿಕೊಂಡು, ಟೊಪ್ಪಿ ಸರಿಮಾಡಿಕೊಂಡು
ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದ,
ಮುಚ್ಚುತ್ತದೋ ಇಲ್ಲವೋ ಅಂತ.

ಆ ನಿಲುವು ನನಗೆ ಗೊತ್ತು.
ಟಿಕೆಟ್ ಇಲ್ಲದೆ ಹತ್ತಿದವರು ಹಾಗೆ ನಿಲ್ಲುತ್ತಾರೆ.

"ಮೀನು ನೋಡ್ತಿದ್ದೆ," ಅಂದ.
"ಹಾಗಾದರೆ ಕೊಳ್ಳಿ," ಅಂದೆ.
ಒಂದು ಕೊಂಡೆವು. ಕಾಗದದಲ್ಲಿ ಸುತ್ತಿಸಿ,
ಬೇಕೆಂದೇ ನಿಧಾನ ನಡೆದು ಬಂದೆವು, ಹಾರ್ನ್ ಕೇಳುತ್ತಾ.
ಅವತ್ತು ಹಾರ್ನ್ ನನಗೂ ಹಿತವಾಗಿತ್ತು.

ಮರಳುವ ರಾತ್ರಿ, ಪೆಟ್ರೋಲ್ ಬಂಕಿನ ಬಿಳಿ ಬೆಳಕಿನಲ್ಲಿ
ಎಣಿಸಿದೆ. ನಲವತ್ತು.
ಜೆನೋನ್ ಸೀಟಿನಲ್ಲೇ ಇದ್ದಾನೆ. ಮತ್ತೆ ಎಣಿಸಿದೆ. ನಲವತ್ತು.
ಹಿಂದಿನಿಂದ ಮುಂದಕ್ಕೆ ಎಣಿಸಿದೆ.
ಶೌಚಾಲಯದ ಬಾಗಿಲು ಬಡಿದು ಬಂದೆ. ಬೆವರಿದೆ.
ಯಾರನ್ನೋ ಕತ್ತಲಲ್ಲಿ ಬಿಟ್ಟು ಹೋಗುತ್ತಿದ್ದೇನೆ, ಯಾರನ್ನು?
ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದೆ,
ನಲವತ್ತು ಹೆಸರಿಗೂ "ಇದ್ದೇನೆ" ಬಂತು.
ಕೂಗದೆ ಉಳಿದ ಹೆಸರು ಪಟ್ಟಿಯ ನೆತ್ತಿಯಲ್ಲಿತ್ತು,
ನನ್ನ ಹೆಬ್ಬೆರಳಿನ ಅಡಿಯಲ್ಲಿ.

ಜೆನೋನ್ ಎದ್ದು ಬಂದ. ಮೀನಿನ ವಾಸನೆಯ ತೋರುಬೆರಳನ್ನು
ನನ್ನ ಹೆಗಲ ಮೇಲಿಟ್ಟ, ಮೆಲ್ಲಗೆ,
ಯಂತ್ರದ ಸೂಜಿ ಸರಿಯಾಯಿತೇ ಅಂತ ನೋಡುವವನ ಹಾಗೆ.
"ನಲವತ್ತೊಂದು."

ಬಸ್ಸಿಗೆ ಬಸ್ಸೇ ನಕ್ಕಿತು. ಬಾಗಿಲು ಮುಚ್ಚಿತು.
ನನ್ನ ಪಕ್ಕದಲ್ಲಿ ಲೆಯೊಕಾದ್ಯಾ
ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು,
ಬಹಳ ಹೊತ್ತಿನಿಂದ ಅಂತ ಕಾಣುತ್ತದೆ.

ಅವಳ ಹೆಸರಿಗೆ "ಇದ್ದೇನೆ" ಅಂದವರು
ಯಾರೋ ಗೊತ್ತಿಲ್ಲ.