ಒಂದು ಇಂಚಿಗೆ ಇಪ್ಪತ್ತಡಿ

ಮೊದಲು ಹೋದದ್ದು ನನ್ನ ಟೇಪು.
ಮಷೀನಿನ ಖಾನ್ಯಾಗ ಸುರುಳಿ ಸುತ್ತಿ ಇಟ್ಟದ್ದು
ಆದಿತ್ಯವಾರ ಮುಂಜಾನಿ ಇಲ್ಲ.
ಹುಡುಕ್ಕೋತ ಹೋದರ
ಕಾಟಿ ದರ್ವಾಜಾದ ಬಗಲಿಗೆ ನಮ್ಮವರು
ಗೋಡಿಗೆ ಅದನ್ನ ಹಚ್ಚಿಕೊಂಡು ನಿಂತಾರ,
ಜಂಪರಿಗೆ ಬಂದ ಹೆಣಮಗಳ ಬೆನ್ನಿಗೆ
ನಾ ಹಚ್ಚಿದಂಗ.

ಅರವತ್ತಿಂಚು, ಒಂದು ಸುಣ್ಣದ ಗೀಟು.
ಮತ್ತ ಅರವತ್ತಿಂಚು, ಮತ್ತೊಂದು ಗೀಟು.
ಹಿಂಗ ಎರಡು ಚಳಿಗಾಲ.
ಹನ್ನೆರಡರಿಂದ ಹತ್ತೊಂಬತ್ತರ ತನಕ
ಟೇಪಿನ ಅಂಕಿ ಕಲ್ಲು ತಿಂದದ.
ಈಗ ನಾ ಹೊಲಿಯೋ ತೋಳೆಲ್ಲ ಅಂದಾಜಿನವು.

ಮಿಲ್ಲಿನ ಬಾಯ್ಲರಿಗೆ ಉಮಿ ಉಣಿಸಿಕೋತ
ಕೂತಲ್ಲೇ ಲೆಕ್ಕ ಹಾಕ್ಯಾರ:
ಒಂದು ಇಂಚಿಗೆ ಇಪ್ಪತ್ತಡಿ.
ಅಷ್ಟಾದರೂ ರಾಯಚೂರ ಕೋಟಿ
ನಮ್ಮ ಪಡಸಾಲ್ಯಾಗ ಹಿಡಿಯವಲ್ಲದು.
ಮಂಚ ಮೊದಲು ಸೋತು ಅಂಗಳಕ್ಕ ಹೋತು,
ಆಮ್ಯಾಲ ಅಲಮಾರಿ.
ನಾ ಮಷೀನು ತಗೊಂಡು ಅಡಗಿಮನಿಗೆ ಹಿಂದ ಸರದೆ.

ಗದ್ವಾಲ ರಸ್ತೆ ಮಿಲ್ಲಿನ ಉಮಿಬೂದಿ,
ಹುಣಸಿಬೀಜದ ಅಂಟು, ಈಟು ಸಿಮೆಂಟು,
ಕಲಸಿ, ತಟ್ಟಿ, ಬ್ಲೇಡಿನಿಂದ ಗೆರಿ ಕೊರದು
ಒಂದೊಂದೇ ಕಲ್ಲು.
ಬಾಲಾ ಹಿಸ್ಸಾರ ಗುಡ್ಡ ನನ್ನ ಮೊಣಕಾಲಿಗೆ ಬಂತು.
ಕಸ ಹೊಡಿಯುವಾಗ ಸೆರಗು ತಾಕಿ
ಒಂದು ಬುರುಜು ಎರಡು ಸಲ ಬಿತ್ತು.
ಎರಡು ಸಲನೂ ಬೆಕ್ಕಿನ ಹೆಸರು ಹೇಳೀನಿ.

ಆ ಒಂದು ಉದ್ದನ್ನ ಕಲ್ಲದಲ್ಲ,
ಪಡುವಣ ಗೋಡ್ಯಾಗ, ನಲವತ್ತೊಂದು ಅಡಿದು,
ತನ್ನನ್ನ ಬಂಡಿ ಮ್ಯಾಲ ಎಳಕೊಂಡು ಬಂದ ಕೋಣಗಳ ಚಿತ್ರ
ತನ್ನ ಮೈಮ್ಯಾಲೇ ಹೊತ್ತದ್ದು,
ಅದಕ್ಕ ಮಾತ್ರ ಬೂದಿ ನಡಿಯಂಗಿಲ್ಲ ಅಂದರು.
ನಮ್ಮ ಒಡದ ಒರಳಿನ ಚೂರು ತೇದು ತೇದು
ಎರಡು ಇಂಚು ಉದ್ದ ಮಾಡ್ಯಾರ.
ಅದರ ಮ್ಯಾಲ ಕೋಣ ಬಿಡಸಾಕ
ನನ್ನ ಮಷೀನಿನ ಸೂಜಿ, ಹದಿನಾರು ನಂಬರಿಂದು.
ಏಳು ಮುರದಾವ.
ಗಡಿಯಾರ ರಿಪೇರಿಯವನ ದುರ್ಬೀನು ತಂದು ನೋಡಿದೆ:
ಕಾಲು ನಾಲ್ಕು ಕಾಣ್ತಾವ, ಕೋಡಿಲ್ಲ,
ಬಗಲಿಗೆ ಒಂದು ದುಂಡನ್ನ ಗಾಲಿ.
ಇದು ಕೋಣಾನೋ ನನ್ನ ಹೊಲಿಗಿ ಮಷೀನೋ ಅಂದೆ.
“ಎಳದವರ ಚಿತ್ರ” ಅಂದು
ಕಲ್ಲು ಗೋಡಿಗೆ ಅಂಟಿಸಿಬಿಟ್ಟರು.

ಮುಗೀತು ಅಂತ ತಿಳದಿದ್ದೆ.
ಅಂದ್ರೂನ್ ಕಿಲ್ಲಾದ ಶಹಜಾದಿಬೀ
ಮಗಳ ಕುರ್ತಾ ಒಯ್ಯಾಕ ಬಂದಾಕಿ
ಸೊಂಟದ ಮ್ಯಾಲ ಕೈ ಇಟ್ಟು ಕೇಳಿದಳು:
“ಉರುಕುಂದಣ್ಣ, ಇದರಾಗ ನಮ್ಮ ಮನಿ ಎಲ್ಲಿ?”
ಇದು ಹಳೇ ಕಾಲದ ಕೋಟಿ, ಮನಿ ತೋರಸಂಗಿಲ್ಲ ಅಂದರು.
“ಮತ್ತ ಗೋಡಿ ಯಾರ ಸಲುವಾಗಿ ಕಟ್ಟಿದ್ದರು?”
ಆಕಿ ಹೋದಳು.
ಇವರು ಎರಡು ದಿನ ಮಾತಿಲ್ಲ.

ಮೂರನೇ ದಿನ ಮೊರ ಕೇಳಿದರು.
ಐದೂವರಿ ಅಡಿ ಆಳು
ಇಪ್ಪತ್ತಡಿ ಲೆಕ್ಕಕ್ಕ ಕಾಲಿಂಚು ಚಿಲ್ಲರ,
ಅಂದರ ಸಿಪ್ಪಿ ಸಮೇತ ಒಂದು ಭತ್ತದ ಕಾಳು.
ಕಾಳಿಗೆ ಅಂಟು ಹಚ್ಚಿ ನೆಟ್ಟಗ ನಿಲ್ಲಿಸ್ಯಾರ:
ಕೆರಿ ದಂಡ್ಯಾಗ ನಾಲ್ಕು, ದರ್ಗಾದ ಮುಂದ ಒಂಬತ್ತು,
ಶಹಜಾದಿಬೀಯ ಬಾಗಲದಾಗ ಒಂದು, ತುಸು ದಪ್ಪಂದು.
ಮಕ್ಕಳಿಗೆ ನುಚ್ಚು.
ಮುದುಕರಿಗೆ ಜೊಳ್ಳು, ಬಾಲಾ ಹಿಸ್ಸಾರದ ಕಟ್ಟಿಮ್ಯಾಲ ಸಾಲಾಗಿ,
ಅದರಾಗ ತುದೀದು ತಾವು ಅಂತ.

ರಾತ್ರಿ ದೀಪ ಹಿಡದು ನೋಡಿದೆ.
ಎಷ್ಟೊಂದು ಮಂದಿ,
ಎಲ್ಲಾರದೂ ನೆರಳು ಉದ್ದುದ್ದ.

ಮುಂಜಾನಿ ಎದ್ದರ ಊರು ಖಾಲಿ.
ಸುಲ್ತಾನರಲ್ಲ, ರಾಯರಲ್ಲ.
ಆನಿ ಇಲ್ಲ, ತೋಪಿಲ್ಲ, ಹೊಳಿ ದಾಟಿ ಬಂದದ್ದೂ ಅಲ್ಲ.
ಬಚ್ಚಲ ತೂತಿನಿಂದ ಬಂದ ಒಂದು ಇಲಿ
ನವರಂಗಿ ದರ್ವಾಜಾದಾಗ ಮೈ ತೂರಿಸಿ
ಮನಿಮನಿಗೆ ಹೋಗಿ
ಸಿಪ್ಪಿ ಸುಲದು ತಿಂದು ಹೋಗ್ಯದ.
ಉಮಿ ಬಿದ್ದಾವ, ಕಳಚಿಟ್ಟ ಅಂಗಿಗಳಂಗ.
ಜೊಳ್ಳು ಮಾತ್ರ ಮುಟ್ಟಿಲ್ಲ.

“ನೋಡು” ಅಂದರು, “ಮುದುಕರು ಕೋಟಿ ಬಿಟ್ಟುಕೊಟ್ಟಿಲ್ಲ.”
ಅಳತಾರೇನೋ ಅಂತ ಮಾಡಿದ್ದೆ,
ನಗಾಕ ಹತ್ತಿದರು.

ಉಮಿ ಬಳದು ಹೊರಗ ಒಗಿಯಾಕ ನಿಂತರ
ಕೈ ಹಿಡದರು. ಬ್ಯಾಡ, ಸುಟ್ಟರ ಬೂದಿ ಆಗತದ,
ಎರಡು ಸಲ ಬಿದ್ದ ಬುರುಜಿಗೆ ಬೇಕು.

ಈಗ ಮತ್ತ ಮೊರ, ಮತ್ತ ಅಂಟು.
ಈ ಸಲ ಕಾಳು ಆರಸಾಕ ನಾನೂ ಕೂತೀನಿ.
ನವರಂಗಿ ದರ್ವಾಜಾದ ಮುಂದ
ಒಂದು ಇಲಿಬೋನು.
ಅದಕ್ಕ ಯಾವ ಅಳತಿನೂ ಇಲ್ಲ.