ಟೆಂಡರಿನ ಮೇಲೆ ಸೀಮೆಸುಣ್ಣ

ಟೆಂಡರ್ ಅಂದರೆ ಗುತ್ತಿಗೆಯದಲ್ಲ ಮಾರಾಯರೆ,
ಉಗಿ ಎಂಜಿನ್ನಿನ ಹಿಂದೆ ಬುತ್ತಿ ಹೊತ್ತು ಓಡುವ ಬಂಡಿ:
ನೆತ್ತಿಯ ಮೇಲೆ ಕಲ್ಲಿದ್ದಲು, ಒಡಲ ತುಂಬ ನೀರು.
ಶಿಲ್ಡನ್ ಊರಿನ ಎಡ್ವಿನ್ ತರ್ಲ್‌ವೆಲ್ಲನ ಮೇಜಿನಲ್ಲಿ
ಅದು ಅಂಗೈಗಿಂತ ಚಿಕ್ಕದು.

ನಲವತ್ತು ವರ್ಷ ಊರವರಿಗೆ ಹಲ್ಲಿನ ಸೆಟ್ಟು ಕೂರಿಸಿದ ಕೈ.
ಅದೇ ಕೊಕ್ಕೆ, ಅದೇ ಚಿಮುಟ, ಅದೇ ಒಕ್ಕಣ್ಣಿನ ಭೂತಗನ್ನಡಿ.
ಹಿತ್ತಾಳೆ ತಗಡಿನ ಬೆನ್ನಿಗೆ ಸೂಜಿ ಒತ್ತಿ ಒತ್ತಿ
ರಿವೆಟ್ಟು ಎಬ್ಬಿಸುತ್ತಾನೆ, ಸಾಲಿಗೆ ನೂರ ಹನ್ನೊಂದು.
ನೂರ ಹತ್ತಾದರೆ ಯಾರಿಗೆ ಗೊತ್ತಾಗುತ್ತದೆ?
‘ನನಗೆ’ ಅನ್ನುತ್ತಾನೆ, ತಲೆ ಎತ್ತದೆ.

ಗಿರಾಕಿ ನೋರಾ ಕೋಟ್ಸ್‌ವರ್ತ್ ತಂದದ್ದು ಒಂದೇ ಫೋಟೊ.
ಫೆಬ್ರವರಿ, ನಲವತ್ತೇಳು. ಮಂಡಿಮಟ್ಟ ಹಿಮ.
ಅವಳಪ್ಪ ಇದ್ದಲ ಮೇಲೆ ನಿಂತಿದ್ದಾನೆ, ಸಲಿಕೆಗೆ ಒರಗಿ,
ಮುಖದ ಮೇಲಿರುವುದು ಮಸಿಯೋ ನೆರಳೋ ತಿಳಿಯದು.

ಆ ಚಳಿಗಾಲ ದೇಶಕ್ಕೇ ಕಲ್ಲಿದ್ದಲ ಬರ.
ಹಾಗಾಗಿ ಅಂಗಡಿಯ ಹೊಳಪು ಹರಳು ಬೇಡ;
ಒಂದು ತುಂಡು ನಿಜದ್ದನ್ನೇ ಕುಟ್ಟಿ, ಜರಡಿ ಹಿಡಿದು,
ಬರೀ ಪುಡಿ, ನಡುವೆ ಎಲ್ಲೋ ಒಂದು ಗಟ್ಟಿ,
ಅದೂ ಅರ್ಧ ತೊಟ್ಟಿ ಮಾತ್ರ.
ನೀರು ತುಂಬುವ ಮುಚ್ಚಳದಿಂದ ಬಿಳಿ ಕಲೆ ಇಳಿಸಿದ.
ಯುದ್ಧಕಾಲದ ಕಪ್ಪು ಬಳಿದ, ಅದರಡಿಯ ಹಳೇ ಹಸಿರು
ಗೀರಿದಲ್ಲಿ ಮಾತ್ರ ಇಣುಕುವಂತೆ.
ಬೆಂಕಿ ಕೆದಕುವ ಸರಳುಗಳಲ್ಲಿ ಒಂದು ಸೊಟ್ಟ.
ಫೋಟೊದಲ್ಲೂ ಸೊಟ್ಟ.

ಇನ್ನು ಪಕ್ಕದ ತಗಡು. ಕಂಪನಿಯ ಅಕ್ಷರದ ಕೆಳಗೆ
ಏನೋ ಬಿಳಿ ಗೀಚು. ನೆಗೆಟಿವ್ ತರಚಿದೆ ಅಂದುಕೊಂಡ,
ಎರಡು ರಾತ್ರಿ ಹಾಗೇ ಬಿಟ್ಟ.
ಮೂರನೆಯ ರಾತ್ರಿ ಭೂತಗನ್ನಡಿ ಹಿಡಿದರೆ
ಸೀಮೆಸುಣ್ಣ: ‘ಹೆಣ್ಣು. ಆರು ಪೌಂಡು.’

ಫೋನು ಮಾಡಿದ. ‘ನೀವು ಹುಟ್ಟಿದ್ದು ಯಾವತ್ತು?’
ಓದಿ ಹೇಳಿದ.
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಎಂಬತ್ತರ ಹತ್ತಿರದ ದನಿ ಆಮೇಲೆ ಅಂದಿತು:
‘ಅಪ್ಪನಿಗೆ ಗಂಡೇ ಬೇಕಿತ್ತಂತೆ.
ಅಮ್ಮ ಹೇಳುತ್ತಿದ್ದಳು.’

ಯಾವ ನಕ್ಷೆಯಲ್ಲೂ ಇಲ್ಲದ ಗುರುತು ಅದು.
ಹಿಮ ಕರಗಿದ ನೀರಿಗೋ, ಷೆಡ್ಡಿನ ಹುಡುಗನ ಒದ್ದೆ ಬಟ್ಟೆಗೋ
ಮರುದಿನವೇ ಅಳಿಸಿರಬೇಕು.
ಅಂದಮೇಲೆ ಈ ಟೆಂಡರಿನ ಕಾಲ
ಇಂತಿಷ್ಟನೇ ಇಸವಿಯಿಂದ ಇಂತಿಷ್ಟಕ್ಕಲ್ಲ,
ಒಂದು ಮಧ್ಯಾಹ್ನ.

ಎರಡೇ ಕೂದಲಿನ ಕುಂಚವನ್ನು ಬಿಳಿಯಲ್ಲದ್ದಿ
ಎಳ್ಳಿಗಿಂತ ಚಿಕ್ಕ ಅಕ್ಷರಗಳನ್ನು ಉಸಿರು ಕಟ್ಟಿ ಬರೆದ.
ಆಮೇಲೆ ಯೋಚಿಸಿ, ಬೆರಳ ತುದಿಯಿಂದ
ಕೊನೆಯದನ್ನು ಒಂಚೂರು ಒರೆಸಿದ,
ಕೈಗವಸು ಬಿಚ್ಚಲೂ ಪುರುಸೊತ್ತಿಲ್ಲದವನು ಬರೆದ ಹಾಗೆ.